ನಿದ್ದೆ ಬಿಟ್ಟ ಕಾಪೆಸಾ

ಕಲುಂಗಾದ ತಾಮ್ರ ಕರಗಿಸುವ ಕಾರ್ಖಾನೆಯಲ್ಲಿ ನೀರಿನ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಕಾಪೆಸಾ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರು ಬೇರೆಯೇ ತೀರ್ಮಾನಕ್ಕೆ ಬರುವ ಸಂಭವವಿದೆ. ಅವನು ಹೇಳಿದ್ದು ಒಂದೇ ಒಂದು ಮಾತು. ಅದೂ ರಾತ್ರಿ ಪಾಳಿ ಮುಗಿಸಿ ಬಂದವನು, ನಡು ಬೆಳಗಿನಲ್ಲಿ, ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡು, ಬೇಲಿಯ ಮೇಲಿಂದ ಪಕ್ಕದ ಮನೆಯ ಹೆಂಗಸಿಗೆ ಹೇಳಿದ ಮಾತು. ಅಂಥ ಮಾತನ್ನು ಯಾವ ನ್ಯಾಯಾಲಯವೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಲುಂಗಾದ ಸಂತೆ ತೆಗೆದುಕೊಂಡಿತು.

ಕಾಪೆಸಾನದು ಹುಟ್ಟಾ ಮುಂಜಾನೆಯ ಶರೀರ. ಹಗಲು ಪಾಳಿಯಲ್ಲಿದ್ದಾಗ ಕೋಳಿಗಳಿಗಿಂತ ಮೊದಲು ಎದ್ದು, ಅವು ಇನ್ನೂ ಯಾಕೆ ಎದ್ದಿಲ್ಲ ಎಂದು ಗೂಡಿನೊಳಗೆ ಇಣುಕಿ ನೋಡುತ್ತಿದ್ದ. ಸಂಜೆ ಊಟವಾಗುವಷ್ಟರಲ್ಲಿ ಅವನ ಕಣ್ಣು ಅಂಗಡಿಯ ಬಾಗಿಲಿನ ಹಾಗೆ ತಾನಾಗಿ ಕೆಳಗೆ ಇಳಿಯುತ್ತಿತ್ತು. ಇಂಥವನಿಗೆ ರಾತ್ರಿ ಪಾಳಿ ಬಂದಾಗ ಆಗುತ್ತಿದ್ದ ಗತಿ ಯಾರಿಗೂ ಬೇಡ. ಬೆಳಿಗ್ಗೆ ಮನೆಗೆ ಬಂದು ಮಲಗುತ್ತಿದ್ದ. ತಗಡಿನ ಮಾಡು ಕಾಯಲು ಶುರುವಾಗುತ್ತಿತ್ತು. ಎದುರಿನ ಜೋಳದ ಹಿಟ್ಟಿನ ಗಿರಣಿ ಗರಗರ ಎನ್ನುತ್ತಿತ್ತು. ಗಿರಣಿ ಸುಮ್ಮನಾದರೆ ಚರ್ಚಿನ ಗಾಯನ ಮಂಡಳಿ ಅಭ್ಯಾಸ ಆರಂಭಿಸುತ್ತಿತ್ತು. ಅವರಿಗೆ ಒಂದು ಹಾಡಿನ ಮೊದಲ ಸಾಲು ಮಾತ್ರ ಬರುತ್ತಿತ್ತು. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಕೊನೆಗೆ ಎದ್ದು ಹೋಗಿ ಬೇಲಿಗೆ ಮೊಳೆ ಹೊಡೆಯುತ್ತಿದ್ದ.

ಆ ದಿನವೂ ಹಾಗೇ ಮೊಳೆ ಹೊಡೆಯುತ್ತಿದ್ದಾಗ ಪಕ್ಕದ ಮನೆಯ ಮಿಲಿಕಾ ತಲೆಯ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಸಂತೆಗೆ ಹೊರಟಿದ್ದಳು. ಊರಿನ ರೂಢಿಯಂತೆ ಅವನ ಮೊದಲ ಮಗು ಲೋಂಬೆಯ ಹೆಸರು ಹಿಡಿದೇ ಅವನನ್ನು ಮಾತಾಡಿಸಿದಳು.

"ಏನ್ ಲೋಂಬೆ ಅಪ್ಪಾ, ಮಲಗ್ಲಿಲ್ವಾ? ಅಲ್ಲಿ ನೋಡಿದ್ರೆ ನಿಮ್ಮ ಜೊತೆ ಪಾಳಿ ಮಾಡೋ ಸಿಚಾಲ್ವೆ ಕಿಟಕಿ ಪರದೆ ಎಳೆದುಕೊಂಡು ಗೊರಕೆ ಹೊಡೀತಿದಾನೆ. ಬೀದಿಗೆಲ್ಲ ಕೇಳುತ್ತೆ."

ಇಲ್ಲಿ ಕಾಪೆಸಾ 'ನಿದ್ದೆ ಬರಲಿಲ್ಲ ಕಣಮ್ಮ' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಚಾಲ್ವೆಯ ಗೊರಕೆಯ ಸುದ್ದಿ ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. ಅವನು ಮೊಳೆಗೆ ಒಂದು ಏಟು ಹಾಕಿ, ಎದೆ ಸೆಟೆಸಿ ಹೇಳಿದ:

"ನಿದ್ದೆ ಅನ್ನೋದು ಬರೀ ಚಟ ಕಣಮ್ಮ. ಸಿಗರೇಟು ಬಿಟ್ಟ ಹಾಗೆ ನಾನು ಅದನ್ನೂ ಬಿಟ್ಟೆ."

ಮಿಲಿಕಾ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಬಾಯಿ ತೆರೆದಳು. ಸಂತೆ ತಲುಪುವವರೆಗೂ ಆ ಬಾಯಿ ಮುಚ್ಚಲಿಲ್ಲ. ಅಲ್ಲಿ ತಲುಪಿದ ಮೇಲಂತೂ ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಪೆಸಾ ಒಂದು ತಿಂಗಳಿಂದ ಮಲಗಿಲ್ಲ ಎಂದಾಯಿತು. ಸಂಜೆಗೆ ಅವನ ಮನೆಯಲ್ಲಿ ಮಂಚವೇ ಇಲ್ಲ ಎಂದಾಯಿತು.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದಾಗ ಬಾಗಿಲಲ್ಲಿ ಚರ್ಚಿನ ಹಿರಿಯರು ನಿಂತಿದ್ದರು.

"ಅಪ್ಪಾ ಕಾಪೆಸಾ, ಚರ್ಚಿನ ಮಾಡಿಗೆ ತಗಡು ಹೊದಿಸ್ಬೇಕು. ಹಗಲು ಹೊತ್ತು ಬಿಡುವಾಗಿರೋ ಗಂಡಸು ಊರಲ್ಲಿ ಯಾರಪ್ಪಾ ಅಂತ ಹುಡುಕ್ತಿದ್ವಿ. ದೇವರು ನಿನ್ನ ನಿದ್ದೆ ತೆಗೆದಿದ್ದು ಯಾಕೆ ಅಂತ ಈಗ ಗೊತ್ತಾಯ್ತು."

ಅವರ ಹಿಂದೆ ಶವಸಂಸ್ಕಾರದ ಸಂಘದವರು ಗುದ್ದಲಿ ಹಿಡಿದು ನಿಂತಿದ್ದರು. ಅವರ ಹಿಂದೆ ಮಿಲಿಕಾ. ಅವಳ ಮೀನು ಅಂಗಳದಲ್ಲಿ ಒಣಗುತ್ತಿತ್ತು, ಬೆಕ್ಕು ಬಾಯಿ ಹಾಕದಂತೆ ಯಾರಾದರೂ ಕಾಯಬೇಕಿತ್ತು. "ಹೇಗೂ ಎದ್ದಿರ್ತೀರಲ್ಲ," ಎಂದಳು. ಆ ವಾರದ ಕೊನೆಗೆ ಕಾಪೆಸಾ ಕಲುಂಗಾದ ಅತಿ ಮುಖ್ಯ ಮನುಷ್ಯನಾದ. ಮದುವೆ ಮಾತುಕತೆಗೆ ಅವನು ಬೇಕು, ಹಂದಿ ತಪ್ಪಿಸಿಕೊಂಡರೆ ಅವನು ಬೇಕು. ದಾರಿಯಲ್ಲಿ ಹಿರಿಯ ಹೆಂಗಸರು ಮಂಡಿ ಬಗ್ಗಿಸಿ, ಚಪ್ಪಾಳೆ ತಟ್ಟಿ ನಮಸ್ಕರಿಸುತ್ತಿದ್ದರು. ಇದೆಲ್ಲ ಅವನಿಗೆ ಇಷ್ಟವಾಗಲಿಲ್ಲ ಎಂದರೆ ಅದು ಸುಳ್ಳು.

ಆದರೆ ಶರೀರ ಹೊಗಳಿಕೆ ಕೇಳುವುದಿಲ್ಲ. ಒಂದು ದಿನ ಅವನು ಮಿಲಿಕಾಳ ಅಂಗಳದಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಗಂಡನ ಅಂಗಿಗೆ ನಮಸ್ಕಾರ ಹೇಳಿ, ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿದ. ಗಾಳಿಗೆ ಅಂಗಿಯ ತೋಳು ಆಡಿತು. ಅವನಿಗೆ ಸಮಾಧಾನವಾಯಿತು. ಇನ್ನೊಂದು ದಿನ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಗೆ ಹೋದ. ಊಟಕ್ಕೆ ಕೂತರೆ ಜೋಳದ ಹಿಟ್ಟಿನ ನ್ಶಿಮಾ ಮುದ್ದೆಯನ್ನು ಶೇಂಗಾ ಹಾಕಿದ ಸೊಪ್ಪಿನ ಪಲ್ಯಕ್ಕೆ ಅದ್ದಿದ ಕೈ ಅಲ್ಲೇ ಉಳಿಯುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತು, ಮನುಷ್ಯ ಮಾತ್ರ ಇರುತ್ತಿರಲಿಲ್ಲ.

"ಲೋಂಬೆ ಅಪ್ಪಾ," ಎಂದಳು ಹೆಂಡತಿ ಬ್ರಿಜೆಟ್, ಅವನ ಕೈಯನ್ನು ಬಟ್ಟಲಿನಿಂದ ಎತ್ತಿಡುತ್ತ. "ನೀವು ನಿದ್ದೆ ಬಿಟ್ಟಿಲ್ಲ. ನಿದ್ದೆ ನಿಮ್ಮನ್ನ ಬಿಟ್ಟು ಹೋಗಿದೆ. ಹೋಗಿ ಎಲ್ಲರಿಗೂ ಹೇಳಿಬಿಡಿ."

"ಈಗ ಹೇಗೆ ಹೇಳೋದೇ? ಚರ್ಚಿನ ಮಾಡು ಅರ್ಧ ಆಗಿದೆ."

ಮಾಡು ಪೂರ್ತಿಯಾಗುವ ಮೊದಲೇ ಸುದ್ದಿ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಕಬಾಸೊನ ಕಿವಿಗೆ ಬಿತ್ತು. ಕಬಾಸೊ ಟೈ ಕಟ್ಟುತ್ತಿದ್ದ ಮನುಷ್ಯ; ಬಿಸಿಲು ಹೆಚ್ಚಾದಷ್ಟೂ ಅವನ ಟೈ ಬಿಗಿಯಾಗುತ್ತಿತ್ತು. ರಾತ್ರಿ ಪಾಳಿಯವರಿಗೆ ವಾರದಲ್ಲಿ ಸಿಗುವ ಬಿಡುವಿನ ದಿನಗಳು ಅವನ ಕಣ್ಣಿಗೆ ಬಹಳ ದಿನಗಳಿಂದ ಕಸದ ಹಾಗೆ ಚುಚ್ಚುತ್ತಿದ್ದವು. ಅವನು ಕಾಪೆಸಾನನ್ನು ಕರೆಸಿ, ಕುರ್ಚಿ ಕೊಟ್ಟು, ಸುತ್ತ ಒಂದು ಪ್ರದಕ್ಷಿಣೆ ಬಂದ.

"ರಾತ್ರಿ ಇಡೀ ಕೆಲಸ. ಹಗಲೆಲ್ಲ ಸಮಾಜಸೇವೆ. ಆಯಾಸ?"

"ಇಲ್ಲ ಸಾರ್," ಎಂದ ಕಾಪೆಸಾ. ಅವನು ಮಾತಾಡುತ್ತಿದ್ದದ್ದು ಕಬಾಸೊನ ಹಿಂದಿದ್ದ ಬೀರುವಿನ ಜೊತೆ.

"ನೀನೊಬ್ಬ ಮಾಡಬಲ್ಲೆ ಅಂದ್ರೆ ಎಲ್ಲರೂ ಮಾಡಬಲ್ಲರು! ಈ ಬಿಡುವಿನ ದಿನಗಳು ಬರೀ ಸೋಮಾರಿತನ. ಶನಿವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸಭೆ. ಎಂಡೋಲಾದಿಂದ ಡಾಕ್ಟರ್ ಬರ್ತಾರೆ. ನಿದ್ದೆ ಗೆದ್ದದ್ದು ಹೇಗೆ ಅಂತ ನೀನು ಮಾತಾಡ್ಬೇಕು. ಅವತ್ತೇ ಹೊಸ ಪಾಳಿ ಘೋಷಣೆ ಮಾಡ್ತೀನಿ. ಬಿಡುವು ರದ್ದು!"

ಬಿಡುವು ರದ್ದಾಗುವ ಸುದ್ದಿ ಕೇಳಿ ಅದೇ ದಿನ ಮಧ್ಯಾಹ್ನ ಸಿಚಾಲ್ವೆ ಕಾಪೆಸಾನ ಮನೆಗೆ ಬಂದ. ಸಿಚಾಲ್ವೆ ಹಗಲು ಹೊತ್ತು ಬೀದಿಯಲ್ಲಿ ಕಂಡದ್ದು ಎಷ್ಟೋ ವರ್ಷದ ಮೇಲೆ. ಮಕ್ಕಳು ಗುರುತು ಹಿಡಿಯಲಿಲ್ಲ. ಅವನದು ಬಾವಲಿಯ ಶರೀರ. ಬೆಳಿಗ್ಗೆ ಕಣ್ಣು ಬಿಡಿಸುವುದೇ ಅವನಿಗೆ ಶಿಕ್ಷೆ, ಸೂರ್ಯ ಮುಳುಗಿದರೆ ಮೈಯಲ್ಲಿ ಡೋಲು ಬಾರಿಸಿದ ಹಾಗೆ. ಸಣ್ಣವನಿದ್ದಾಗ ಶಾಲೆಗೆ ತಡವಾಗಿ ಹೋಗಿ ಏಟು ತಿಂದು, ದೊಡ್ಡವನಾಗಿ ಚರ್ಚಿಗೆ ತಡವಾಗಿ ಹೋಗಿ ಬೈಸಿಕೊಂಡು, ಕೊನೆಗೆ ಕುಲುಮೆಯ ರಾತ್ರಿ ಪಾಳಿಯಲ್ಲಿ ತನ್ನ ಸ್ವರ್ಗ ಕಂಡುಕೊಂಡಿದ್ದ. ಊರಿನ ಬಾಯಲ್ಲಿ ಮಾತ್ರ ಅವನು ಸೋಮಾರಿ, ಏಕೆಂದರೆ ಊರು ಎದ್ದಿರುವಾಗ ಅವನು ಮಲಗಿರುತ್ತಿದ್ದ.

"ನೀನು ನಿದ್ದೆ ಬಿಟ್ಟೆಯಂತೆ. ಸಂತೋಷ," ಎಂದ ಸಿಚಾಲ್ವೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ. "ನನ್ನ ನಿದ್ದೆಯನ್ನ ಯಾಕಯ್ಯ ಮಾರಿದೆ?"

"ನಾನು ಮಾರ್ಲಿಲ್ಲ ಮಾರಾಯ, ಬಾಯಿ ಜಾರ್ತು."

"ನೀನು ಪಂಪಿನ ಮುಂದೆ ಕೂತಿರ್ತೀಯ. ತೂಕಡಿಸಿದ್ರೆ ನೀರು ಚೆಲ್ಲುತ್ತೆ. ನಾವು ಕರಗಿದ ತಾಮ್ರದ ಪಕ್ಕ ನಿಂತಿರ್ತೀವಿ. ನಮ್ಮಲ್ಲಿ ಎಲ್ಲರೂ ನನ್ನ ಹಾಗೆ ಬಾವಲಿಗಳಲ್ಲ. ಆ ಚಿಕ್ಕವನು ಕಂಗ್ವಾ ಇದ್ದಾನಲ್ಲ, ಮನೆ ತುಂಬ ಕೂಸುಗಳು, ಹಗಲು ಒಂದು ಗಳಿಗೆ ಕಣ್ಣು ಮುಚ್ಚೋಕಾಗಲ್ಲ ಅವನಿಗೆ. ಬಿಡುವಿನ ದಿನ ಕಿತ್ಕೊಂಡ್ರೆ ಒಂದು ದಿನ ಅವನು ತೂಕಡಿಸ್ತಾನೆ. ಆಗ ಏನು ಚೆಲ್ಲುತ್ತೆ ಹೇಳು?"

ಕಾಪೆಸಾನ ಮುಖ ಬಾಡಿತು. ತಮಾಷೆ ಇಷ್ಟು ದೂರ ಬಂದಿದೆ ಎಂದು ಅವನಿಗೆ ಅರ್ಥವಾದದ್ದು ಆಗ. "ಶನಿವಾರ ಸಭೇಲಿ ನಿಜ ಹೇಳಿಬಿಡ್ತೀನಿ," ಎಂದ. "ನನ್ನ ಅಪ್ಪನಾಣೆ."

"ಹೇಳು," ಎಂದು ಸಿಚಾಲ್ವೆ ಹೊರಟ. ಎರಡು ಹೆಜ್ಜೆ ಹೋಗಿ ಬೇಲಿಗೆ ಒರಗಿ ಹಾಗೇ ಮಲಗಿಬಿಟ್ಟ. ಬ್ರಿಜೆಟ್ ಹೋಗಿ ಅವನ ಮೇಲೆ ಕೊಡೆ ಬಿಚ್ಚಿಟ್ಟು ಬಂದಳು.

ಇಷ್ಟಕ್ಕೇ ನಿಂತಿದ್ದರೆ ಕಾಪೆಸಾ ಹೇಗೋ ಬಚಾವಾಗುತ್ತಿದ್ದ. ಆದರೆ ಶುಕ್ರವಾರ ಬೆಳಿಗ್ಗೆ ಮನ್ಸಾದ ಬಸ್ಸಿನಿಂದ ಅವನ ಅತ್ತೆ, ಬ್ರಿಜೆಟ್‌ಳ ತಾಯಿ ಎಸ್ನಾಟ್ ಇಳಿದಳು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ಹೋಗುವ ದಾರಿಯಲ್ಲಿ ಬೆಳೆದು, ಅಳಿಯ ನಿದ್ದೆಯಿಲ್ಲದೆ ಊರೆಲ್ಲ ಓಡಾಡುತ್ತಾ ಬಟ್ಟೆಗಳ ಜೊತೆ ಮಾತಾಡುತ್ತಾನೆ ಎಂಬಲ್ಲಿಗೆ ಮುಟ್ಟಿತ್ತು. ಅದು ನಿಜವೇ ಆಗಿದ್ದದ್ದು ಬೇರೆ ಮಾತು.

ಆ ಕಡೆಯ ಪದ್ಧತಿಯಲ್ಲಿ ಅತ್ತೆ ಮತ್ತು ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅವಳು ಎದುರು ಬಂದರೆ ಅವನು ಪೊದೆ ಸೇರಬೇಕು. ಮಾತಿದ್ದರೆ ಮಧ್ಯಸ್ಥರ ಬಾಯಲ್ಲಿ ಆಡಬೇಕು. ಮುಟ್ಟುವುದಂತೂ ಕನಸಿನಲ್ಲೂ ಇಲ್ಲ. ಮದುವೆಯಾದಂದಿನಿಂದ ಕಾಪೆಸಾ ಈ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದನೆಂದರೆ, ಅತ್ತೆ ಕುಳ್ಳಿಯೋ ಎತ್ತರವೋ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಈ ನಿಷ್ಠೆ ಸುಲಭವಲ್ಲ. ಅವಳು ಬಾಗಿಲಿಂದ ಒಳಗೆ ಬಂದಾಗ ಅವನು ಕಿಟಕಿಯಿಂದ ಹೊರಗೆ ಹಾರಿದ. ಮಲಗುವ ಕೋಣೆ ಅವಳ ಪಾಲಾಯಿತು. ಇಡೀ ಹಗಲು ಕಾಪೆಸಾ ಮನೆಯ ಹಿಂದೆ, ಮಾವಿನ ಮರದಡಿ, ಕೋಳಿಗೂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

ಮಧ್ಯಸ್ಥನೆಂದರೆ ಬ್ರಿಜೆಟ್‌ಳ ಸೋದರಮಾವ ಚಿಸಾಲಾ. ಊಟದ ವಾಸನೆಯಿರುವ ಕಡೆ ಕರೆಯದೆ ಬರುವವನು. ಅವನು ಮನೆಯೊಳಗಿಂದ ಹಿತ್ತಲಿಗೆ, ಹಿತ್ತಲಿಂದ ಮನೆಯೊಳಗೆ ಓಡಾಡಿ ಸಂಭಾಷಣೆ ನಡೆಸಿದ.

"ಅಕ್ಕ ಕೇಳ್ತಾಳೆ, ನಿನಗೆ ಏನಾಗಿದೆ ಅಂತ."

"ಏನೂ ಆಗಿಲ್ಲ ಅಂತ ಹೇಳಿ."

ಚಿಸಾಲಾ ಹೋದ, ಬಂದ. ಬರುವಾಗ ಬಾಯಲ್ಲಿ ಏನೋ ಇತ್ತು. "ಅಕ್ಕ ಹೇಳ್ತಾಳೆ, ಏನೂ ಆಗದವನು ಕೋಳಿಗಳಿಗೆ 'ಬನ್ನಿ ಕೂತ್ಕೊಳ್ಳಿ' ಅಂತ ಯಾಕೆ ಹೇಳ್ತಿದಾನೆ ಅಂತ. ಕಿಟಕೀಲಿ ಕೇಳಿಸ್ತಂತೆ."

ಶನಿವಾರ ಬಂತು. ಸಮುದಾಯ ಭವನ ತುಂಬಿ ತುಳುಕಿತು. ರಾತ್ರಿ ಪಾಳಿಯವರು ಕೆಲಸದ ಬಟ್ಟೆಯಲ್ಲೇ ನೇರ ಬಂದು ಸಾಲಾಗಿ ಕೂತಿದ್ದರು, ಸಿಟ್ಟಿನಲ್ಲಿ ಕೈ ಕಟ್ಟಿಕೊಂಡು. ಹೆಂಗಸರೆಲ್ಲ ಉಡುಪಿನ ಮೇಲೆ ಹೂವಿನ ಚಿತ್ತಾರದ ಹೊಸ ಚಿತೆಂಗೆ ಬಟ್ಟೆ ಹೊದ್ದು ಬಂದಿದ್ದರು. ಕಬಾಸೊ ಬಾಗಿಲಲ್ಲೇ ನಿಂತು ಎಸ್ನಾಟ್‌ಳನ್ನು ಕಂಡ. ವೀರನ ಅತ್ತೆ ಎಂದು ಯಾರೋ ಹೇಳಿದರು. ಅವಳು ಬೇಡ ಬೇಡ ಎಂದರೂ ಕೈ ಹಿಡಿದು ಕರೆತಂದು ಮೊದಲ ಸಾಲಿನಲ್ಲಿ, ವೇದಿಕೆಗೆ ತೀರ ಹತ್ತಿರ, ಧ್ವನಿವರ್ಧಕದ ನೇರ ಕೆಳಗಿನ ಬೆಂಚಿನಲ್ಲಿ ಕೂರಿಸಿದ. ರಾಜಧಾನಿಯಲ್ಲಿ ಓದಿ ಬಂದವನಿಗೆ ಇಂಥ ವಿಷಯಗಳು ಮರೆತು ಹೋಗಿರುತ್ತವೆ.

ಮೊದಲು ಡಾಕ್ಟರ್ ಝ್ಯಾಂಬೊ ಮಾತಾಡಿದರು. ದುಂಡಗಿನ ಮುಖದ, ನಗುವ ಹೆಂಗಸು.

"ಎಲ್ಲರ ಮೈಯೊಳಗೂ ಒಂದೊಂದು ಗಡಿಯಾರ ಇದೆ," ಎಂದರು. "ಆದರೆ ಎಲ್ಲವೂ ಒಂದೇ ಸಮಯ ತೋರಿಸಲ್ಲ. ಕೆಲವರು ಹಕ್ಕಿಗಳ ಜೊತೆ ಏಳ್ತಾರೆ, ಕೆಲವರು ಬಾವಲಿಗಳ ಜೊತೆ."

"ಸಿಚಾಲ್ವೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

"ನಗಬೇಡಿ. ರಾತ್ರಿ ಪಾಳಿ ಅವರಿಗೇ ಸಲೀಸು. ವಯಸ್ಸಾದಷ್ಟೂ ಕಷ್ಟ. ಮನೆ ಗಲಾಟೆ ಇದ್ದರೆ ಕಷ್ಟ. ಹಗಲು ಮಲಗೋಕೆ ಕತ್ತಲು, ತಂಪು, ಮೌನ ಬೇಕು. ಹಗಲು ಮಲಗೋನು ಸೋಮಾರಿ ಅಂತ ಬೈಯೋ ಊರಲ್ಲಿ ಯಾರಿಗೂ ನಿದ್ದೆ ಬರಲ್ಲ. ಅಂದ ಹಾಗೆ, ನಿದ್ದೆಯನ್ನ ಪೂರ್ತಿ ಬಿಟ್ಟ ಮನುಷ್ಯನನ್ನ ನಾನಂತೂ ಈವರೆಗೆ ಕಂಡಿಲ್ಲ. ನೋಡೋಕೆ ಬಹಳ ಕಾತರ ಆಗಿದೆ."

"ಇಗೋ ನೋಡಿ!" ಎಂದು ಕಬಾಸೊ ಎದ್ದು ನಿಂತ. "ಶ್ರೀ ಕಾಪೆಸಾ!"

ಚಪ್ಪಾಳೆ. ಕಾಪೆಸಾ ವೇದಿಕೆಯ ಮೂಲೆಯಿಂದ ಎದ್ದು ಧ್ವನಿವರ್ಧಕದ ಮುಂದೆ ಬಂದ. ನಿಜ ಹೇಳಬೇಕು. ಬಾಯಲ್ಲಿ ಮಾತು ಸಿದ್ಧವಾಗಿತ್ತು: 'ನಾನು ಬಡಾಯಿ ಕೊಚ್ಚಿದೆ, ಇವರ ಬಿಡುವು ಕಿತ್ಕೋಬೇಡಿ.' ಬಾಯಿ ತೆರೆದ. ಆಗ ಕೆಳಗಿನ ಬೆಂಚಿನಲ್ಲಿ ಬ್ರಿಜೆಟ್‌ಳ ಪಕ್ಕ ಬ್ರಿಜೆಟ್‌ಳದೇ ಮೂಗು ಇರುವ ಮುದುಕಿಯೊಬ್ಬಳು ಕಂಡಳು. ಅತ್ತೆ! ಎದುರಿಗೇ, ಕೈಗೆ ಎಟಕುವಷ್ಟು ಹತ್ತಿರ!

ಓಡುವಂತಿಲ್ಲ, ಕಾರ್ಖಾನೆಯೆಲ್ಲ ನೋಡುತ್ತಿದೆ. ನೋಡುವಂತಿಲ್ಲ, ಅತ್ತೆ. ಮರ್ಯಾದೆಯಿರುವ ಅಳಿಯ ಏನು ಮಾಡಬೇಕೋ ಅದನ್ನೇ ಕಾಪೆಸಾ ಮಾಡಿದ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಅಷ್ಟೇ ಸಾಕಾಯಿತು. ವಾರಗಳಿಂದ ರೆಪ್ಪೆಗಳ ಹೊರಗೆ ಕಾದು ನಿಂತಿದ್ದ ನಿದ್ದೆ ಬಾಗಿಲು ಹಾಕಿದ್ದನ್ನು ಕಂಡು ಹೊರಗಿನಿಂದ ಚಿಲಕ ಹಾಕಿತು.

"ಬಂಧುಗಳೇ," ಎಂದ ಕಾಪೆಸಾ. "ನಿದ್ದೆ..."

ಸಭೆ ಕಾಯಿತು.

"ನಿದ್ದೆ..." ಎಂದು ಇನ್ನೊಮ್ಮೆ, ಪ್ರೀತಿಯಿಂದ ಹೇಳಿ, ಜೋಳದ ಹಿಟ್ಟಿನ ಚೀಲ ಲಾರಿಯಿಂದ ಜಾರುವ ಹಾಗೆ ಮುಂದಕ್ಕೆ ಬಾಗಿ, ವೇದಿಕೆಯಿಂದ ಕೆಳಗೆ ಸರಿದು, ಮೊದಲ ಸಾಲಿನ ಬೆಂಚಿನ ಮೇಲೆ ಬಿದ್ದ. ತಲೆ ನೇರವಾಗಿ ಅತ್ತೆಯ ಮಡಿಲಿಗೆ ಬಂತು.

ಒಬ್ಬಳು ಚೀರಿದಳು. ಚಿಸಾಲಾ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಇಂಥ ಅಪಚಾರಕ್ಕೆ ಎಷ್ಟು ಕೋಳಿ ದಂಡ ಎಂದು ಅವನ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಬ್ರಿಜೆಟ್ ಗಂಡನ ಕಾಲು ಹಿಡಿದು ಎಳೆಯಲು ಹೋದಳು.

"ಮುಟ್ಟಬೇಡ," ಎಂದಳು ಎಸ್ನಾಟ್.

ಅವಳು ಹೆಗಲ ಮೇಲಿನ ಚಿತೆಂಗೆಯನ್ನು ಎಳೆದು ಅಳಿಯನ ಮುಖದ ಮೇಲೆ ಹೊದಿಸಿದಳು. ಈಗ ಅವನು ಅವಳನ್ನು ನೋಡುವಂತಿರಲಿಲ್ಲ, ಅವಳು ಅವನನ್ನು ನೋಡುವಂತಿರಲಿಲ್ಲ. ಪದ್ಧತಿ ಉಳಿಯಿತು. ಬಟ್ಟೆಯ ಒಳಗಿನಿಂದ ಒಂದು ಗೊರಕೆ ಹೊರಟಿತು.

ಕಬಾಸೊ ಧ್ವನಿವರ್ಧಕ ಕಸಿದುಕೊಂಡ. "ಬಂಧುಗಳೇ, ಇದು, ಇದೊಂದು ಪ್ರದರ್ಶನ! ಶ್ರೀ ಕಾಪೆಸಾ ಈಗ—"

"ಏ ಟೈ ಕಟ್ಟಿದವನೇ," ಎಂದಳು ಎಸ್ನಾಟ್, ದನಿ ಎತ್ತದೆ. "ಬಾಯಿ ಮುಚ್ಚು. ಮಗು ಮಲಗಿದೆ. ಬ್ರಿಜೆಟ್, ಆ ಕಿಟಕಿಗಳಿಗೆಲ್ಲ ಬಟ್ಟೆ ಕಟ್ಟು. ಚಿಸಾಲಾ, ಓಡು. ಗಿರಣಿಯವನಿಗೆ ನಿಲ್ಲಿಸೋಕೆ ಹೇಳು. ಆ ಹಾಡೋರಿಗೆ ಹೇಳು, ಎರಡನೇ ಸಾಲು ಕಲಿಯೋವರೆಗೂ ಬಾಯಿ ತೆಗೀಬೇಡಿ ಅಂತ."

"ಅಮ್ಮಾ, ಇದು ಕಾರ್ಖಾನೆಯ ಅಧಿಕೃತ ಸಭೆ..."

"ನನ್ನ ಗಂಡ ಗಣಿಯಲ್ಲಿ ರಾತ್ರಿ ಪಾಳಿ ಮಾಡಿದೋನು. ಅವನು ಮಲಗಿದ್ದಾಗ ನಮ್ಮ ಬೀದೀಲಿ ನಾಯಿಗಳೂ ಕಾಲ್ಬೆರಳ ಮೇಲೆ ನಡೀತಿದ್ವು. ನೀನು ಕೂತ್ಕೋ."

ಕಬಾಸೊ ಡಾಕ್ಟರ ಕಡೆ ನೋಡಿದ. ಡಾಕ್ಟರ್ ಝ್ಯಾಂಬೊ ತುಟಿಯ ಮೇಲೆ ಬೆರಳಿಟ್ಟರು.

ಮಿಲಿಕಾ ಮೊದಲು ತನ್ನ ಚಿತೆಂಗೆ ತೆಗೆದು ಕಿಟಕಿಗೆ ಕಟ್ಟಿದಳು. ಹೆಂಗಸರೆಲ್ಲ ಎದ್ದರು. ಹೊಸ ಚಿತೆಂಗೆಗಳು ಒಂದೊಂದಾಗಿ ಕಿಟಕಿ ಏರಿದವು, ಭವನದೊಳಗೆ ಕೆಂಪು, ಹಸಿರು, ನೀಲಿ ನೆರಳು ಇಳಿಯಿತು. ದೂರದಲ್ಲಿ ಗಿರಣಿ ಕೆಮ್ಮಿ ನಿಂತಿತು. ಹಾಡು ಮೊದಲ ಸಾಲಿನ ನಡುವೆ ಕಡಿಯಿತು. ಕಲುಂಗಾದಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಸಿಚಾಲ್ವೆಯ ಗಲ್ಲ ಎದೆಗೆ ತಾಗಿತು. ಕಂಗ್ವಾ ಅವನ ಹೆಗಲಿಗೆ ಒರಗಿದ. ಕೈ ಕಟ್ಟಿ ಸಿಟ್ಟಿನಲ್ಲಿ ಕೂತಿದ್ದ ರಾತ್ರಿ ಪಾಳಿಯ ಗಂಡಸರು ಒಬ್ಬರ ಮೇಲೊಬ್ಬರು ವಾಲಿ, ಸಾಲಿಗೆ ಸಾಲೇ ಮಲಗಿತು. ಕೊನೆಗೆ ಇಡೀ ವೇದಿಕೆಯ ಮೇಲೆ ಕಬಾಸೊ ಒಬ್ಬನೇ ಧ್ವನಿವರ್ಧಕ ಹಿಡಿದು ನಿಂತಿದ್ದ, ಗೊರಕೆಗಳ ಎದುರು. ಘೋಷಣೆಯನ್ನು ಯಾರಿಗೆಂದು ಮಾಡುವುದು? ಅವನು ಟೈ ಸಡಿಲಿಸಿ ಕುರ್ಚಿಯಲ್ಲಿ ಕುಸಿದ. ಸ್ವಲ್ಪ ಹೊತ್ತಿಗೆ ಅವನ ಬಾಯಿಯೂ ತೆರೆದುಕೊಂಡಿತು.

ಕಾಪೆಸಾ ಎದ್ದಾಗ ಬಿಸಿಲು ಇಳಿಯುತ್ತಿತ್ತು. ಎಲ್ಲೆಲ್ಲೂ ಹೂವಿನ ಚಿತ್ತಾರ. ಸತ್ತಿದ್ದೇನೆ, ಸ್ವರ್ಗಕ್ಕೆ ಹೂವಿನ ಬಟ್ಟೆ ಹೊದಿಸಿದ್ದಾರೆ ಎಂದುಕೊಂಡ. "ನಾನೆಲ್ಲಿದ್ದೀನಿ?" ಎಂದ.

ಮೇಲಿನಿಂದ ಅಪರಿಚಿತ ದನಿಯೊಂದು ಹೇಳಿತು: "ಏಳಬೇಡ. ನನ್ನ ಎರಡೂ ಕಾಲು ಜೋಮು ಹಿಡಿದಿದೆ. ನೀನು ಎದ್ದರೆ ನಾನು ಬೀಳ್ತೀನಿ."

ಮದುವೆಯಾದ ಮೇಲೆ ಅತ್ತೆ ಅಳಿಯನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ದನಿ ಯಾರದೆಂದು ಕಾಪೆಸಾನಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಹೊಳೆದ ಮೇಲೆ ಅವನು ಚಿತೆಂಗೆಯನ್ನು ತಲೆಯ ಮೇಲೆ ಹಾಗೇ ಹಿಡಿದುಕೊಂಡು, ಕುರುಡನಾಗಿ ಓಡಿದ. ಎರಡು ಬೆಂಚು ಉರುಳಿದವು, ಸಿಚಾಲ್ವೆ "ಕುಲುಮೆ ಮುಚ್ಚಿ!" ಎಂದು ಬೆಚ್ಚಿ ಎದ್ದ, ಕಬಾಸೊ ಕುರ್ಚಿ ಸಮೇತ ಮಗುಚಿದ.

ಬಿದ್ದಲ್ಲಿಂದಲೇ ಕಬಾಸೊ ಕೇಳಿದ, "ಡಾಕ್ಟರೇ, ನಾನು ಎಷ್ಟು ಹೊತ್ತು...?"

"ಊಟದ ಹೊತ್ತು ದಾಟಿಸಿದ್ರಿ ಸಾರ್," ಎಂದರು ಡಾಕ್ಟರ್ ಝ್ಯಾಂಬೊ. "ರಾತ್ರಿ ಪಾಳಿ ಮಾಡದೇನೇ. ಬಿಡುವಿನ ದಿನಗಳ ಬಗ್ಗೆ ಏನೋ ಹೇಳೋದಿತ್ತಲ್ಲ?"

ಏನೂ ಇರಲಿಲ್ಲ ಎಂದ ಕಬಾಸೊ. ಇವತ್ತಿಗೂ ಇಲ್ಲ ಎನ್ನುತ್ತಾನೆ. ಮುಂದಿನ ವಾರ ಕಾಪೆಸಾ ಎಲ್ಲರೆದುರು ನಿಜ ಒಪ್ಪಿಕೊಂಡ. ಯಾರೂ ಕೇಳಿಸಿಕೊಳ್ಳಲಿಲ್ಲ, ಗೊರಕೆಯೇ ಎಲ್ಲ ಹೇಳಿಯಾಗಿತ್ತು. ಡಾಕ್ಟರ ಮಾತಿನ ಮೇಲೆ ಅವನಿಗೆ ಹಗಲು ಪಾಳಿ ಸಿಕ್ಕಿತು. ಅವನ ರಾತ್ರಿಗಳನ್ನು ಸಿಚಾಲ್ವೆ, ಕುಲುಮೆ ಬಿಟ್ಟು ಪಂಪಿನ ಮುಂದೆ ಕೂತು, ಖುಷಿಯಿಂದ ತೆಗೆದುಕೊಂಡ. ಕಂಗ್ವಾನ ಕೂಸುಗಳನ್ನು ಹಗಲು ಹೊತ್ತು ಮಿಲಿಕಾ ಮೀನಿನ ಜೊತೆ ಸಂತೆಗೆ ಕರೆದೊಯ್ಯತೊಡಗಿದಳು.

ಉಳಿದದ್ದು ಅತ್ತೆಗೆ ಆದ ಅಪಚಾರದ ವಿಚಾರಣೆ. ಎರಡೂ ಕಡೆಯ ಹಿರಿಯರು ಮಾವಿನ ಮರದಡಿ ಸೇರಿದರು. ಕಾಪೆಸಾ ಗೋಡೆಗೆ ಮುಖ ಮಾಡಿ ಕೂತಿದ್ದ. ಒಳಗೆ ಎಸ್ನಾಟ್ ಇದ್ದಳು. ಚಿಸಾಲಾ ಗಂಭೀರವಾಗಿ ಬಾಗಿಲಿಗೆ ಹೋಗಿ, ಎಷ್ಟು ದಂಡ ಎಂದು ಕೇಳಿದ. ಒಳಗೆ ಬಹಳ ಹೊತ್ತು ಮಾತು ನಡೆಯಿತು. ಚಿಸಾಲಾ ಹೊರಗೆ ಬಂದಾಗ ಅವನ ಮುಖದಲ್ಲಿ ಎಂದೂ ಇರದ ಏನೋ ಇತ್ತು.

"ಅಕ್ಕ ಹೇಳ್ತಾಳೆ," ಎಂದ. "ಅಳಿಯನ ಗೊರಕೆ ಥೇಟ್ ಭಾವನ ಗೊರಕೆಯಂತೆ. ಮೊದಲು ಸಣ್ಣ ಶಿಳ್ಳೆ, ಆಮೇಲೆ ಲಾರಿ. ಭಾವ ತೀರಿಕೊಂಡ ಮೇಲೆ ಮನೆ ತುಂಬ ಮೌನ ಆಗಿಬಿಟ್ಟಿತ್ತಂತೆ. ಆ ದಿನ ಮತ್ತೆ ಕೇಳಿಸ್ತಂತೆ. ಅದಕ್ಕೇ ಕಾಲು ಜೋಮು ಹಿಡಿದ್ರೂ ಅಲ್ಲಾಡ್ಲಿಲ್ಲವಂತೆ. ದಂಡ ಬೇಡವಂತೆ."

ಗೋಡೆಯ ಕಡೆ ಮುಖ ಮಾಡಿದ್ದ ಕಾಪೆಸಾ ಕೈ ಎತ್ತಿ ಕಣ್ಣು ಒರೆಸಿಕೊಂಡ. ಹಿರಿಯರು ನೆಲ ನೋಡಿದರು.

ಆಗ ಕಿಟಕಿಯಿಂದ ಎಸ್ನಾಟ್‌ಳ ದನಿ ಕೇಳಿಸಿತು: "ಚಿಸಾಲಾ! ಕೋಳಿ ಮಾತ್ರ ಬಿಡಬೇಡ!"